ಮೂಲ ನಕ್ಷೆಯಂತೆ

"ಮೆಟ್ಲ ಮ್ಯಾಲೆಲ್ಲ ಗಾರೆ ಚೆಲ್ಕೊಂಡ್ ಓಗ್ತಾ ಇದೀಯಲ್ಲೇ, ಕಣ್ಣೇನ್ ಕುಂಡೀಲೈತಾ ನಿಂಗೆ?"

ಕೆಳಮನೆಯ ಅಶ್ವತ್ಥಪ್ಪ ತನ್ನ ಜಗಲಿಯ ಗ್ರಿಲ್ಲಿನೊಳಗಿಂದ ಕೂಗಿದ. ಆದಿಲಕ್ಷ್ಮಿ ತಿರುಗಿ ನೋಡಲಿಲ್ಲ. ತುಂಬಿದ ಬಾಂಡ್ಲಿ ಹೊತ್ತವರು ತಿರುಗಿ ನೋಡುವುದಿಲ್ಲ, ಕತ್ತು ಉಳುಕುತ್ತದೆ. ಮುಂದೆ ಮೇಸ್ತ್ರಿ ಚಲಪತಿ ಕರಣೆ ಹಿಡಿದು ಹತ್ತುತ್ತಿದ್ದ. ಬೆಳಿಗ್ಗೆ ಅವನೇ ಬಂದು, ನಿಮ್ ಕಾಲೋನೀಲೇ ಅರ್ಧ ದಿನದ ಕೆಲ್ಸ ಐತೆ ಬಾ ಆದಮ್ಮಾ ಎಂದು ಕರೆದಿದ್ದ. ಯಾರ ಮನೆ ಎಂದು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಕೂಲಿಯವರಿಗೆ ಎಲ್ಲ ಮನೆಯೂ ಒಂದೇ. ಸಂಜೆಯೊಳಗೆ ಗಟ್ಟಿಯಾಗಬೇಕು ಎಂದಿದ್ದಕ್ಕೆ ಸಿಮೆಂಟು ಜಾಸ್ತಿ ಹಾಕಿ, ಉಂಡೆ ಇಲ್ಲದಂತೆ ಚೆನ್ನಾಗಿ ಕಲಸಿದ್ದಳು.

ಮೇಲೆ ಎದುರುಬದುರಾಗಿ ಎರಡು ಬಾಗಿಲು. ಒಂದು ಅವಳದೇ ಮನೆ. ಅವಳು ಇನ್ನೊಂದರ ಕಡೆ ಹೊರಳಿದಳು.

"ಆ ಕಡೆ ಅಲ್ಲ ಆದಮ್ಮಾ," ಚಲಪತಿ ತಲೆ ತಗ್ಗಿಸಿಕೊಂಡು ಹೇಳಿದ. "ಈ ಕಡೆ."

ಅದು ಅವಳದೇ ಮನೆ. ಬಾಗಿಲು ಆಗಲೇ ತೆರೆದಿತ್ತು. ಒಳಗೆ ವಸತಿ ಕಚೇರಿಯ ಎಂಜಿನಿಯರ್ ಸುಧಾಕರ್ ಬೂಟುಗಾಲಲ್ಲಿ ನಿಂತಿದ್ದ. ಚಾಪೆಯ ಮೇಲೆ ಅವಳ ಗಂಡ ದೊಡ್ಡವೆಂಕಟಪ್ಪ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಗೋಡೆಗೊರಗಿ ಕುಳಿತಿದ್ದ.

"ನಿಯಮ ಹದಿನಾಲ್ಕು," ಸುಧಾಕರ್ ಕೈಯಲ್ಲಿದ್ದ ಹಾಳೆ ನೋಡಿ ಹೇಳಿದ. "ಫಲಾನುಭವಿಗಳು ಗೋಡೆ, ನೆಲ, ಪೈಪು ಯಾವುದನ್ನೂ ಕೊರೆಯೋ ಹಾಗಿಲ್ಲ. ನೀನು ಟಾಯ್ಲೆಟ್ ಗೋಡೆ ಕೊರೆದು ಎರಡು ರಾಡ್ ಹಾಕಿದೀಯ. ಕೆಳಗೆ ನೀರು ಜಿನುಗ್ತಿದೆ ಅಂತ ದೂರು ಬಂದಿದೆ. ಮುಂದಿನ ಆದೇಶದವರೆಗೆ ಟಾಯ್ಲೆಟ್ ಮುಚ್ತಾ ಇದೀವಿ."

"ಆ ರಾಡು ಇವ್ನು ಇಡ್ಕೊಂಡ್ ಕುಂತ್ಕಣಕೆ ಸಾರ್. ಸೊಂಟ ಮುರ್ದೈತೆ, ಇಡ್ಕೊಳ್ದೆ ಕುಂತ್ಕಣಕ್ಕಾಗಲ್ಲ. ನೀರ್ ಎಲ್ ಜಿನುಗ್ತೈತೆ, ನಡೀರಿ, ತೋರ್ಸಿ ನೋಡಾನ."

ಉತ್ತರ ಬಾಗಿಲಿಂದ ಬಂತು. ಮೇಲೆ ಹತ್ತಿ ಬಂದಿದ್ದ ಅಶ್ವತ್ಥಪ್ಪ ಹೊಸ್ತಿಲ ಆಚೆಯೇ ನಿಂತು ಪಂಚೆ ಎತ್ತಿ ಕಟ್ಟಿದ.

"ಜಿನುಗೋದು ಬೇರೆ ಮಾತು ಕಣೇ. ಸರ್ಯಾಗಿ ಇದ್ರ ಕೆಳಕ್ಕೆ ನಮ್ ದೇವ್ರ ಮನೆ ಐತೆ. ನೀವು ಮ್ಯಾಲೆ ಕುಂತು ಏಲೋದು, ನಾವು ಕೆಳಗೆ ಕುಂತು ಕೈ ಮುಗಿಯೋದಾ?"

"ಅಂಗಾರೆ ಇವ್ನು ಎಲ್ಲೋಗ್ಬೇಕು?"

"ಇಂದ್ಗಡೆ ಅಷ್ಟ್ ದೊಡ್ಡ ಗುಡ್ಡ ಬಿದ್ದೈತಲ್ಲ. ನಿಮ್ ಕೇರಿಯೋರು ಉಟ್ದಾಗಿಂದ ಬಯಲಾಗೇ ಕುಂತೋರು, ಇವತ್ತೇನ್ ಒಸ್ದಾ?"

ತಲೆಯ ಮೇಲಿನ ಬಾಂಡ್ಲಿಯನ್ನು ಆದಿಲಕ್ಷ್ಮಿ ಇಳಿಸಲಿಲ್ಲ. ಚಲಪತಿಯೇ ಹತ್ತಿರ ಬಂದು ಎರಡೂ ಕೈ ಹಾಕಿ ಇಳಿಸಿಕೊಂಡ. ಒಳಗೆ ಕರಣೆಯ ಸದ್ದು ಕೇಳುತ್ತಿದ್ದಷ್ಟು ಹೊತ್ತೂ ಅವಳು ಗಂಡನ ಮುಖ ನೋಡಲಾರದೆ ತನ್ನ ಕೈಗೆ ಮೆತ್ತಿದ್ದ ಗಾರೆಯನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು. ರಾಡುಗಳನ್ನು ಕಿತ್ತು ಸುಧಾಕರ್ ಸಾಕ್ಷಿಗೆಂದು ತೆಗೆದುಕೊಂಡು ಹೋದ. ಸಂಜೆ ಹೆಬ್ಬೆರಳಿಂದ ಒತ್ತಿ ನೋಡಿದಳು. ಬೇಸಿನ್ನಿನ ಬಾಯಿಗೆ ತುಂಬಿದ್ದ ಗಾರೆ ಕಲ್ಲಾಗಿತ್ತು. ಅವಳ ಕೈಯ ಕೆಲಸ ಯಾವತ್ತೂ ಕೆಟ್ಟದ್ದಿಲ್ಲ.

ಚಾಂಪಿಯನ್ ರೀಫ್ಸಿನ ಹಿಂದೆ, ಚಿನ್ನದ ಗಣಿಯ ಬೂದುಮಣ್ಣಿನ ಸೈನೈಡ್ ಗುಡ್ಡದ ಬುಡದಲ್ಲಿ ಆ ಕಾಲೋನಿ. ಎರಡು ಅಂತಸ್ತಿನ ಕಟ್ಟಡಗಳು. ಒಂದೊಂದರಲ್ಲಿ ಕೆಳಗೆರಡು, ಮೇಲೆರಡು ಮನೆ. ಮನೆಗೊಂದು ಹಾಲು, ಒಂದು ರೂಮು, ಮೂಲೆಯಲ್ಲಿ ಅಡಿಗೆಗೆ ಜಾಗ, ಹಿಂಭಾಗಕ್ಕೆ ಕಕ್ಕಸು. ಕೆಳಗಿನ ಕಕ್ಕಸಿನ ನೆತ್ತಿಗೆ ಸರಿಯಾಗಿ ಮೇಲಿನ ಕಕ್ಕಸು, ಎರಡಕ್ಕೂ ಸೇರಿ ಗೋಡೆಯ ಹೊರಗೆ ಒಂದೇ ಪೈಪು. ಇದನ್ನು ಆದಿಲಕ್ಷ್ಮಿಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿರಲಿಲ್ಲ. ತಳಪಾಯದಿಂದ ತಾರಸಿಯವರೆಗೆ ಜಲ್ಲಿ ಹೊತ್ತವಳು ಅವಳು. ಈ ಕಟ್ಟಡದ ಸಾರುವೆ ಮೇಲಿಂದಲೇ ದೊಡ್ಡವೆಂಕಟಪ್ಪ ಬಿದ್ದಿದ್ದು. ಕಂಟ್ರಾಕ್ಟರು ಅವನನ್ನು ಆಸ್ಪತ್ರೆಗೆ ಸೇರಿಸಿ, ಎರಡು ಡಜನ್ ಬಾಳೆಹಣ್ಣು ಕೊಟ್ಟು ಕೈ ತೊಳೆದುಕೊಂಡ.

ಲಾಟರಿಯಲ್ಲಿ ಅವರಿಗೆ ಮೇಲಿನ ಮನೆ ಬಂದಿತ್ತು. ಕೆಳಗಿನದು ಅಂಗವಿಕಲರಿಗೆ ಎಂದು ನಿಯಮದಲ್ಲೇ ಇತ್ತಂತೆ. ಬಂಗಾರಪೇಟೆ ಹತ್ತಿರ ಮಾವಿನ ತೋಪು ಇಟ್ಟುಕೊಂಡಿದ್ದ ಅಶ್ವತ್ಥಪ್ಪನಿಗೆ ಅದು ಹೇಗೆ ಸಿಕ್ಕಿತೋ ಅವನಿಗೇ ಗೊತ್ತು. ಆದಿಲಕ್ಷ್ಮಿ ಜಗಳಕ್ಕೆ ಹೋಗಲಿಲ್ಲ. ನಲವತ್ತು ವರ್ಷಕ್ಕೆ ಮೊದಲ ಸಲ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕಕ್ಕಸು ಅವಳದಾಗಿತ್ತು. ಮೊದಲ ದಿನ ಸುಮ್ಮನೆ ಒಳಗೆ ಹೋಗಿ, ಚಿಲಕ ಹಾಕಿಕೊಂಡು, ಏನೂ ಮಾಡದೆ ಸ್ವಲ್ಪ ಹೊತ್ತು ನಿಂತು ಬಂದಿದ್ದಳು.

ಅಶ್ವತ್ಥಪ್ಪನಿಗೆ ಮನೆಯೊಳಗೆ ಕಕ್ಕಸು ಅಂದರೆ ಹೇಸಿಗೆ. ಬಂದ ತಿಂಗಳಲ್ಲೇ ಸಾರ್ವಜನಿಕ ಓಣಿಗೆ ಗೋಡೆ ಎಬ್ಬಿಸಿ ಹೊರಗೊಂದು ಕಕ್ಕಸು ಕಟ್ಟಿಸಿದ, ಜಗಲಿಗೆ ಗ್ರಿಲ್ಲು ಹಾಕಿಸಿದ, ಒಳಗಿನ ಕಕ್ಕಸನ್ನು ದೇವರ ಮನೆ ಮಾಡಿಸಿದ. ಆ ಕೆಲಸಕ್ಕೂ ಹೋದದ್ದು ಚಲಪತಿ ಮತ್ತು ಆದಿಲಕ್ಷ್ಮಿಯೇ. ಬೇಸಿನ್ ಒಡೆದು ತೆಗೆಯಲು ಒಂದು ದಿನ ಹಿಡಿಯುತ್ತದೆ. ಚಲಪತಿ ಅದರ ಬಾಯಿಗೆ ಮರಳಿನ ಚೀಲ ತುರುಕಿ, ಮೇಲೆ ಗ್ರಾನೈಟ್ ಚಪ್ಪಡಿ ಹಾಸಿ, ಅಂಚಿಗೆ ಬಿಳಿ ಸಿಮೆಂಟು ಸವರಿ ಮುಗಿಸಿಬಿಟ್ಟ. ಕೆಲಸ ಮುಗಿದ ಮೇಲೆ ಅರ್ಚಕರು ಬಂದು ಕೂಲಿಯವರು ಓಡಾಡಿದಲ್ಲೆಲ್ಲ ಗಂಜಲ ಚಿಮುಕಿಸಿದರು. ಅಂದಿನಿಂದ ಅವಳು ಆ ಹೊಸ್ತಿಲು ದಾಟಿಲ್ಲ. ನಿಯಮ ಹದಿನಾಲ್ಕು ಮಾತ್ರ ಆ ಮನೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಗಾರೆ ತುಂಬಿದ ಮರುದಿನದಿಂದ ಅವಳು ಗಂಡನನ್ನು ಬೆನ್ನ ಮೇಲೆ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಇಳಿದು ಗುಡ್ಡದ ಮರೆಗೆ ಒಯ್ಯತೊಡಗಿದಳು. ಹಿಡಿದುಕೊಳ್ಳದೆ ಅವನು ಕೂರಲಾರ. ಹಿಂದಿನಿಂದ ಅವನ ಕಂಕುಳಿಗೆ ಕೈ ಕೊಟ್ಟು, ಮುಖ ತಿರುಗಿಸಿ ಅವಳು ನಿಲ್ಲಬೇಕು. ಗುಡ್ಡದ ಪುಡಿಮಣ್ಣು ಗಾಳಿಗೆ ಎದ್ದು ಇಬ್ಬರ ಕಣ್ಣಿಗೂ ತುಂಬಿಕೊಳ್ಳುತ್ತಿತ್ತು. ಎಂಟು ದಿನಕ್ಕೆ ಅವನು ರಾತ್ರಿ ಊಟ ಬಿಟ್ಟ. ಹತ್ತು ದಿನಕ್ಕೆ ಬೆಳಗಿನದೂ ಬಿಟ್ಟ.

"ಮುದ್ದೆ ತಿನ್ನಯ್ಯಾ."

"ತಿಂದ್ರೆ ಓಗ್ಬೇಕಾಯ್ತದೆ ಕಣೇ ಆದೀ. ಬ್ಯಾಡ."

ಅವಳಿಗೆ ಸಂಕಟಕ್ಕಿಂತ ಹೆಚ್ಚಾಗಿ ಕೋಪ ಬಂತು. ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಗೆ ಹೋಗಿ ಸುಧಾಕರ್‌ನ ಮೇಜಿನ ಮುಂದೆ ಮೂರು ದಿನ ನಿಂತಳು. ಮೂರನೇ ದಿನ ಅವಳ ಕಾಟ ತಾಳಲಾರದೆ ಅವನು ಬ್ಲಾಕಿನ ನಕ್ಷೆಯ ಜೆರಾಕ್ಸ್ ಒಂದನ್ನು ಎಸೆದ.

"ತಗೋ, ಓದ್ಕೋ. ಮೂಲ ನಕ್ಷೆಯಂತೆ ಇಟ್ಕೊಂಡಿದ್ರೆ ನಿನಗೆ ಈ ಗತಿ ಬರ್ತಿರಲಿಲ್ಲ. ಮತ್ತೆ ತೆರೀಬೇಕು ಅಂದ್ರೆ ಕೆಳಗಿನ ಮನೆಯವರದ್ದು ಒಪ್ಪಿಗೆ ಸಹಿ ಬೇಕು."

ಆದಿಲಕ್ಷ್ಮಿಗೆ ಅಕ್ಷರ ಬಾರದು, ಗೆರೆ ಬರುತ್ತದೆ. ಹದಿನೈದು ವರ್ಷ ಮೇಸ್ತ್ರಿಗಳ ಹಿಂದೆ ನಿಂತು ನಕ್ಷೆ ನೋಡಿದವಳು, ಬೆರಳಿಟ್ಟು ತೋರಿಸಿದಳು.

"ಸಾರ್, ಕೆಳಮನೇದು ಇದು. ಇಲ್ಲಿ ಲೆಟ್ರೀನು ಐತೆ. ದೇವ್ರ ಮನೆ ಎಲ್ಲೈತೆ, ತೋರ್ಸಿ?"

ಸುಧಾಕರ್ ನಕ್ಷೆ ನೋಡಲಿಲ್ಲ, ಗಡಿಯಾರ ನೋಡಿದ. "ಊಟದ ಹೊತ್ತು. ನಡಿಯಮ್ಮ ಆಚೆಗೆ."

ಸಹಿಗಾಗಿ ಅವಳು ಗ್ರಿಲ್ಲಿನ ಮುಂದೆ ಕೈ ಕಟ್ಟಿ ನಿಂತದ್ದೂ ಆಯಿತು. ಅಶ್ವತ್ಥಪ್ಪ ಒಳಗೆ ಉಯ್ಯಾಲೆ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಿದ್ದ. "ಮನೆ ಬುಟ್ಕೊಟ್ಟು ಓಗು. ಮ್ಯಾಲೆ ನಮ್ಮೋರ್ ಯಾರಾನಾ ಬರ್ಲಿ, ನಾಳೇನೇ ಸೈನ್ ಆಕ್ತೀನಿ," ಎಂದ. ಹಿಂದೆ ನಿಂತಿದ್ದ ಅವನ ಹೆಂಡತಿ ಅರುಣಕುಮಾರಿ ಒಂದು ಸಲ ಆದಿಲಕ್ಷ್ಮಿಯ ಮುಖ ನೋಡಿ ಒಳಗೆ ಹೋದಳು.

ಆ ಶುಕ್ರವಾರ ಮಧ್ಯಾಹ್ನ ದೊಡ್ಡವೆಂಕಟಪ್ಪ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ. ಊಟ ಬಿಟ್ಟವನ ಹೊಟ್ಟೆ ಕೆಟ್ಟಿತ್ತು. ಹೊತ್ತುಕೊಂಡು ಹೊರಟರೆ ಅರ್ಧ ಮೆಟ್ಟಿಲಿಗೇ ಅವಳ ಬೆನ್ನೆಲ್ಲ ಬಿಸಿಯಾಯಿತು. ಶಾಲೆಯಿಂದ ಊಟಕ್ಕೆ ಬರುತ್ತಿದ್ದ ಹುಡುಗಿಯರು ಮೂಗು ಮುಚ್ಚಿಕೊಂಡು ಓಡಿದರು. ಅವಳು ಮಾತಾಡದೆ ವಾಪಸು ಹತ್ತಿ, ಅವನನ್ನು ತೊಳೆದು, ಬೇರೆ ಪಂಚೆ ಉಡಿಸಿ, ತಾನೂ ಬೇರೆ ಸೀರೆ ಸುತ್ತಿಕೊಂಡಳು.

"ಆದೀ," ಅವನು ಗೋಡೆ ಕಡೆ ತಿರುಗಿ ಹೇಳಿದ. "ರೈಲಿನ ಅಳಿ ತಾವ ಬುಟ್ಬುಡೇ ನನ್ನ. ಸಾಯಂಕಾಲ ಗಾಡಿ ಬತ್ತದಲ್ಲ, ಅಲ್ಲಿಗ್ ಮುಗ್ದೋಯ್ತದೆ."

"ಥೂ ನಿನ್ ಬಾಯಿಗಷ್ಟು ಮಣ್ಣಾಕ! ನಾನ್ಯಾಕೆ ಮುಂಡೆ ಆಗ್ಲಿ, ಆ ಬೋಳಿಮಕ್ಕಳ್ ದೆಸೆಯಿಂದ?" ಅವಳು ಅಳುತ್ತಲೇ ಬಯ್ದಳು. ಆಮೇಲೆ ಕೇಳಿದಳು. "ಇನ್ನೂ ಬತ್ತೈತಾ?"

"ಊಂ. ತಡ್ಕೊಳ್ಳಕಾಗ್ತಿಲ್ಲ."

ಅವಳು ಮೂಲೆಯಲ್ಲಿದ್ದ ಹಾರೆಗೋಲು ತೆಗೆದುಕೊಂಡಳು. ನಕ್ಷೆಯನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟಳು.

ಕೆಳಮನೆಯಲ್ಲಿ ಶುಕ್ರವಾರದ ಪೂಜೆ ಮುಗಿದು ಎಲೆ ಹಾಕಿದ್ದರು. ಸುಧಾಕರ್‌ಗೂ ಊಟಕ್ಕೆ ಕರೆ ಇತ್ತು. ಗ್ರಿಲ್ಲು ತೆರೆದಿತ್ತು. ಬೆನ್ನ ಮೇಲೆ ಗಂಡ, ಕೈಯಲ್ಲಿ ಹಾರೆ, ಆದಿಲಕ್ಷ್ಮಿ ಹೊಸ್ತಿಲು ದಾಟಿ ಒಳಗೆ ಬಂದಳು. ಹೋಳಿಗೆ ಮುರಿಯುತ್ತಿದ್ದ ಅಶ್ವತ್ಥಪ್ಪನ ಕೈ ಎಲೆಯ ಮೇಲೇ ನಿಂತಿತು.

"ಏಯ್! ಎಲ್ಲಿಗ್ ನುಗ್ತಾ ಇದೀಯೇ ಲೌಡಿ!"

ಅವಳು ನಿಲ್ಲಲಿಲ್ಲ. ದೇವರ ಮನೆಯ ಬಾಗಿಲಲ್ಲಿ ಗಂಡನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಒಳಗೆ ಹೋಗಿ ಮೊದಲು ದೀಪ ಎತ್ತಿ ಹೊರಗಿಟ್ಟಳು. ಆಮೇಲೆ ಪಟಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡು ಅರುಣಕುಮಾರಿಯ ಕೈಗೆ ಕೊಟ್ಟಳು. ಅರುಣಕುಮಾರಿ ಏನು ಮಾಡುತ್ತಿದ್ದೇನೆಂದು ತಿಳಿಯದೆ ಈಸಿಕೊಳ್ಳುತ್ತಾ ಹೋದಳು.

"ಇಡ್ಕೊಳ್ರಮ್ಮಾ. ದೇವ್ರು ಏನ್ ತಪ್ಪು ಮಾಡೈತೆ, ಇಂತಾ ಜಾಗ್ದಾಗೆ ಕುಂಡ್ರಿಸವ್ರೆ."

ಅಶ್ವತ್ಥಪ್ಪ ಎಂಜಲು ಕೈಯಲ್ಲೇ ಅವಳ ಜುಟ್ಟಿಗೆ ಕೈ ಹಾಕಲು ಬಂದ. ಅವಳು ಹಾರೆ ಎತ್ತಿದಳು. ಅವನು ಹಿಂದೆ ಸರಿದ. ಹಾರೆಯ ಮೊನೆ ಚಪ್ಪಡಿಯ ಅಂಚಿಗೆ ಇಳಿಯಿತು. ಬಿಳಿ ಸಿಮೆಂಟು ಮೊದಲ ಏಟಿಗೇ ಬಿಟ್ಟಿತು. ಚಪ್ಪಡಿ ಎದ್ದು ಗೋಡೆಗೆ ಒರಗಿತು, ಮರಳಿನ ಚೀಲ ಹೊರಗೆ ಬಂತು. ಬೆಳ್ಳಗೆ, ಒಂದು ಬಿರುಕೂ ಇಲ್ಲದೆ ಬೇಸಿನ್ ಅಲ್ಲೇ ಇತ್ತು. ಪೈಪಿನ ವಾಸನೆ ಕರ್ಪೂರದ ವಾಸನೆಯ ಜೊತೆ ಸೇರಿ ಹಾಲಿಗೆ ಬಂತು.

"ಒಡ್ಸಿ ತೆಗ್ಸಿಲ್ವಾ ಇದ್ನ? ಇಷ್ಟ್ ದಿನ ಇದ್ರ ಮ್ಯಾಲಾ ನಾನು ಕಳಸ ಇಟ್ಟಿದ್ದು?" ಅರುಣಕುಮಾರಿ ಗಂಡನನ್ನು ಕೇಳಿದಳು. ಅವನು ಸುಧಾಕರ್ ಕಡೆ ತಿರುಗಿದ.

"ಸಾರ್, ಪೊಲೀಸ್‌ಗೆ ಫೋನ್ ಆಕಿ ಸಾರ್!"

ಆದಿಲಕ್ಷ್ಮಿ ನಕ್ಷೆ ತೆಗೆದು ಸುಧಾಕರ್‌ನ ಎಲೆಯ ಪಕ್ಕದಲ್ಲಿ ಹಾಸಿದಳು.

"ಆಕಿ ಸಾರ್, ಬರ್ಲಿ. ಇದು ನೀವೇ ಕೊಟ್ಟ ನಕ್ಸೆ. ಇದು ಲೆಟ್ರೀನು, ಲೆಟ್ರೀನೇ ಮಾಡಿವ್ನಿ. ಒಂದ್ ಗೋಡೇನೂ ನಾನ್ ಕೊರ್ದಿಲ್ಲ. ಮ್ಯಾಲಿಂದು ನೀವ್ ತೆಗ್ಯೋವರ್ಗೂ ಇವ್ನು ದಿನಾ ಇಲ್ಲಿಗೇ ಬತ್ತಾನೆ."

ಸುಧಾಕರ್ ಜೇಬಿನಿಂದ ಫೋನು ತೆಗೆದ, ಆದರೆ ಯಾರಿಗೆ ಮಾಡಬೇಕೆಂದು ಹೊಳೆಯದೆ ಹಿಡಿದುಕೊಂಡೇ ಕೂತ. ಗೋಡೆ ಹಿಡಿದು ನಿಂತಿದ್ದ ದೊಡ್ಡವೆಂಕಟಪ್ಪನ ಹಣೆಯಲ್ಲಿ ಬೆವರಿಳಿಯುತ್ತಿತ್ತು. "ಆದೀ, ಬಿರ್ರನೆ ಇಳ್ಸೇ," ಎಂದ. ಅವಳು ಕಂಕುಳಿಗೆ ಕೈ ಕೊಟ್ಟು ಇಳಿಸಿದಳು. ಪಟಗಳಿಗೆಂದು ಗೋಡೆಗೆ ಹಾಕಿಸಿದ್ದ ಕಲ್ಲುಹಲಗೆ ಅವನ ಕೈಗೆ ಸರಿಯಾದ ಎತ್ತರದಲ್ಲಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅವಳು ಹೊರಗೆ ಬಂದು ಬಾಗಿಲೆಳೆದಳು. ಬಾಗಿಲಿಗೆ ಕಟ್ಟಿದ್ದ ಗಂಟೆಗಳೆಲ್ಲ ಒಟ್ಟಿಗೆ ಅಲ್ಲಾಡಿದವು.

ಓಣಿಯಲ್ಲಿ ಜನ ಸೇರಿದ್ದರು. ಕೆಲವರು ಗ್ರಿಲ್ಲಿಗೆ ಮುಖ ಒತ್ತಿ ನೋಡುತ್ತಿದ್ದರು. ಅಶ್ವತ್ಥಪ್ಪ ಬಾಯಿಗೆ ಬಂದಂತೆ ಬಯ್ಯುತ್ತಿದ್ದ, ಹತ್ತಿರ ಮಾತ್ರ ಬರುತ್ತಿರಲಿಲ್ಲ. ಆದಿಲಕ್ಷ್ಮಿ ಬಾಗಿಲಿಗೆ ಬೆನ್ನು ಕೊಟ್ಟು ಹಾರೆ ಊರಿಕೊಂಡು ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದೊಡ್ಡವೆಂಕಟಪ್ಪ ಕೂಗಿದ. "ಆದೀ, ನೀರು."

ಅವಳು ಅರುಣಕುಮಾರಿಯ ಕಡೆ ತಿರುಗಿದಳು.

"ಒಂದ್ ಚೊಂಬು ನೀರ್ ಕೊಡ್ರಮ್ಮಾ."

ಅರುಣಕುಮಾರಿ ಪಟಗಳನ್ನು ಎದೆಗೆ ಒತ್ತಿಕೊಂಡು ನಿಂತಲ್ಲೇ ನಿಂತಿದ್ದಳು. ಆದಿಲಕ್ಷ್ಮಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.