ಬೆರಳಷ್ಟು ಜಾಗ

ಹವಾಮಾನ ವಿಜ್ಞಾನಿಯಾದ ಅವಳು ಸರ್ಕಾರಕ್ಕಾಗಿ ನೆರೆಯ ನಕ್ಷೆ ಮಾಡಿದ್ದಳು. ಮುಂದೆ ಹೊಳೆ ಎಲ್ಲಿಯವರೆಗೆ ಉಕ್ಕಬಹುದೋ ಅಲ್ಲಿಗೊಂದು ಕೆಂಪು ಗೆರೆ. ಅದರೊಳಗೆ ಯಾರೂ ಮನೆ ಕಟ್ಟುವಂತಿಲ್ಲ. ದಿನವಿಡೀ ಕಮಿಟಿಯವರೆದುರು ಆ ಗೆರೆಗಾಗಿ ಗಂಟಲು ಹರಿದುಕೊಂಡು ಮನೆಗೆ ಬಂದರೆ, ಅಣ್ಣ ಕಾದು ಕೂತಿದ್ದ. ಅವನ ಸೈಟು ಗೆರೆಯೊಳಗೆ ಬಿದ್ದಿತ್ತು.

"ಒಂದು ಬೆರಳಷ್ಟು ಹೊಳೆ ಕಡೆ ಸರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಅವರ ಜೊತೆ ತಲೆ ಚಚ್ಚಿಕೊಂಡು ಬಂದಿದೀನಿ, ಈಗ ನೀನು ಶುರು ಮಾಡ್ಬೇಡ. ಗೆರೆ ನಾನು ಸರಿಸ್ತೀನಿ, ನೀರನ್ನ ನೀನು ಸರಿಸ್ತೀಯಾ ಅಣ್ಣ?"

ಅವನು ಮುಖ ಊದಿಸಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಸ್ವಲ್ಪ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಇನ್ನೊಂದು ಜಗಳಕ್ಕೆ ಟೊಂಕ ಕಟ್ಟಿಯೇ ಅವಳು ಎತ್ತಿಕೊಂಡಳು.

"ಸರಿಸ್ಬೇಡ ಕಣೇ," ಅತ್ತಿಗೆ ಪಿಸುಗುಟ್ಟಿದಳು. "ಆ ಜಾಗ ಕಂಡ್ರೆ ನಂಗೆ ಮೊದಲಿಂದ್ಲೂ ಭಯ. ನಿಮ್ಮಣ್ಣಂಗೆ ಹೇಳಿ ಹೇಳಿ ಸಾಕಾಯ್ತು."

"ನಂಗೂ ಅಷ್ಟೇ ಅತ್ತಿಗೆ," ಎಂದವಳು ಮರುದಿನ ಗೆರೆಯನ್ನು ಇದ್ದಲ್ಲೇ ಬಿಟ್ಟು ಸಹಿ ಹಾಕಿದಳು. ಅಣ್ಣ ಇನ್ನೂ ಮಾತು ಬಿಟ್ಟೇ ಇದ್ದಾನೆ.