ಗುಮ್ಮಟ ಕೇಳಿಸಿದ ಮಾತು

ಕಾಲೇಜಿನ ಪ್ರವಾಸದಲ್ಲಿ ನೋಡಿದ ಊರುಗಳನ್ನು ಅರವತ್ತು ದಾಟಿದ ಮೇಲೆ ಇನ್ನೊಮ್ಮೆ ನೋಡಬೇಕೆಂದು ಕಾವೂರಿನ ಮುಕ್ತಾ ಮತ್ತು ತೊಕ್ಕೊಟ್ಟಿನ ಜಲಜಾಕ್ಷಿ ಮಂಗಳೂರಿನಲ್ಲಿ ಬಸ್ಸು ಹತ್ತಿದರು. ಮುಕ್ತಾ ನಿವೃತ್ತ ಇತಿಹಾಸ ಟೀಚರ್. ಕೂಳೂರು ಸೇತುವೆ ದಾಟುವ ಮೊದಲೇ ಆದಿಲ್ ಶಾಹಿಗಳ ಪಾಠ ಸುರುವಾಯಿತು. ಬಟ್ಟೆ ಅಂಗಡಿ ನಡೆಸುವ ಜಲಜಾಕ್ಷಿ ವಿಜಯಪುರ ಬರುವವರೆಗೂ ನಿದ್ರೆ ಬಂದವಳಂತೆ ನಟಿಸಿದಳು.

ಗೋಳಗುಮ್ಮಟದ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆ ತಲುಪುವಾಗ ಅವಳ ಮೊಣಗಂಟು ಸೋತಿತ್ತು. ಮುಕ್ತಾ ಮಾತ್ರ ಸುಲ್ತಾನನನ್ನು ಹೊಗಳುತ್ತಾ ಎದುರು ಬದಿಗೆ ನಡೆದಳು. ಜಲಜಾಕ್ಷಿ ಗೋಡೆಗೆ ಒರಗಿ ಗೊಣಗಿದಳು: "ಸುಲ್ತಾನ ಸತ್ತು ಎಷ್ಟು ಕಾಲ ಆಯ್ತು. ಇವಳ ಬಾಯಿಯಿಂದ ಅವನಿಗೆ ಇನ್ನೂ ಮುಕ್ತಿ ಇಲ್ಲ."

ಗುಮ್ಮಟ ಅದನ್ನು ಎದುರು ಬದಿಗೆ ಮುಟ್ಟಿಸಿ ಮತ್ತೆ ಮತ್ತೆ ಹೇಳಿತು. ಪ್ರವಾಸಿಗರು ನಕ್ಕರು. ಜಲಜಾಕ್ಷಿ ನಾಚಿಕೆಯಿಂದ ಬೆವತಳು. ಸ್ವಲ್ಪ ಹೊತ್ತಿನಲ್ಲಿ ಮುಕ್ತಾಳ ದನಿ ಅವಳ ಕಿವಿಯ ಪಕ್ಕದ ಗೋಡೆಯಿಂದಲೇ ಬಂತು.

"ಕೇಳಿತು ಮಾರಾಯ್ತಿ. ಶಾಲೆಯ ಮಕ್ಕಳೂ ಹೀಗೇ ಹೇಳ್ತಿದ್ದಿರಬೇಕು. ಅಲ್ಲಿ ಗುಮ್ಮಟ ಇರಲಿಲ್ಲ."

"ಸಿಟ್ಟು ಬಂತಾ?"

"ಬಂತು. ನಾಳೆಯಿಂದ ನಾನು ಎಂತದೂ ಹೇಳುವುದಿಲ್ಲ."

ಮರುದಿನ ಇಬ್ರಾಹಿಂ ರೋಜಾದ ಎದುರು ಮುಕ್ತಾ ಹಟ ಹಿಡಿದು ಸುಮ್ಮನೆ ಕಡಲೆ ತಿನ್ನುತ್ತಾ ಕೂತಳು. ಜಲಜಾಕ್ಷಿ ಗೋಡೆಯ ಕೆತ್ತನೆಗಳನ್ನು ಬಹಳ ಹೊತ್ತು ನೋಡಿದಳು. ರೇಷ್ಮೆ ಸೀರೆಯ ಅಂಚಿನಷ್ಟು ನಯವಾಗಿದ್ದವು. ಕೊನೆಗೆ ತಡೆಯಲಾರದೆ ಬಂದು ಗೆಳತಿಯ ಪಕ್ಕದಲ್ಲಿ ಕೂತಳು.

"ಇಲ್ಲಿ ಯಾರನ್ನು ಹೂತದ್ದು? ಸಣ್ಣದು ಮಾಡಿ ಹೇಳು," ಎಂದಳು.

ಮುಕ್ತಾ ಕಡಲೆಯ ಪೊಟ್ಟಣವನ್ನು ಅವಳ ಕೈಗೆ ದಾಟಿಸಿದಳು.

"ಸಣ್ಣದು ಮಾಡ್ಲಿಕ್ಕೆ ಆಗುವುದಿಲ್ಲ. ತಿನ್ನುತ್ತಾ ಕೇಳು."