ಮೊದಲಿಂದ ಹೇಳುವ ಚಕ್ರಪಾಣಿ

ಜಯನಗರದ ಚಕ್ರಪಾಣಿಯವರನ್ನು ಮಾತಿನ ನಡುವೆ ತಡೆಯಬಾರದು. ತಡೆದರೆ ಮತ್ತೆ ಮೊದಲಿಂದ ಆರಂಭಿಸುತ್ತಾರೆ. ಹಟವಲ್ಲ, ಅವರ ವಿದ್ಯೆಯೇ ಅಂಥದು. ಬಾಲ್ಯದಲ್ಲಿ ಮಂತ್ರ, ಮಗ್ಗಿ, ಆಮೇಲೆ ವಿಮಾ ಕಚೇರಿಯ ನಿಯಮಾವಳಿ ಎಲ್ಲವನ್ನೂ ಕಂಠಸ್ಥ ಮಾಡಿಯೇ ಗೆದ್ದವರಿಗೆ, ಕಲಿಯುವುದೆಂದರೆ ಬಾಯಿಗೆ ಬರುವುದು ಎಂಬ ನಂಬಿಕೆ ನಿವೃತ್ತಿಯ ನಂತರವೂ ಕದಲಲಿಲ್ಲ. ಈಜನ್ನು ಪುಸ್ತಕದಿಂದ ಕಲಿತು, ಕೊಳದ ದಂಡೆಯಲ್ಲಿ ನಿಂತು ಇತರರನ್ನು ತಿದ್ದಿದರು. ನೀರಿಗೆ ಮಾತ್ರ ಇಳಿಯಲಿಲ್ಲ. ಕ್ಲಚ್ಚು, ಗೇರು, ಕನ್ನಡಿ ಎಂದು ಪಠಿಸುತ್ತಾ ಬನಶಂಕರಿಯವರೆಗೂ ಕಾರು ಓಡಿಸಿದ್ದುಂಟು. ದಾರಿಯಲ್ಲಿ ಯಾರೋ ವಿಳಾಸ ಕೇಳಿದ್ದರಿಂದ, ನಡುರಸ್ತೆಯಲ್ಲೇ ಎಂಜಿನ್ ಆರಿಸಿ ಮತ್ತೆ ಮೊದಲಿಂದ ಹೊರಟರು. ಹಿಂದಿದ್ದವರೆಲ್ಲ ಹಾರ್ನಿನ ಮೂಲಕ ತಮ್ಮ ಅಭಿಪ್ರಾಯ ತಿಳಿಸಿದರು.

ಮಡದಿ ಕಾತ್ಯಾಯಿನಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಾಗ ಈ ಪಾಂಡಿತ್ಯಕ್ಕೆ ಪರೀಕ್ಷೆ ಬಂತು. ಭಾವನಿಗೆ ಒಲೆ ಹಚ್ಚಲೂ ಬಾರದು, ಕೈ ಕೂಡುವವರೆಗೆ ಅಕ್ಕ ಕುಮಾರಸ್ವಾಮಿ ಲೇಔಟಿನ ತನ್ನ ಮನೆಯಲ್ಲೇ ಇರಲಿ ಎಂದು ತಂಗಿ ಜಯಾ ಫೋನಿನಲ್ಲೇ ತೀರ್ಮಾನಿಸಿಬಿಟ್ಟಳು. ಕಾತ್ಯಾಯಿನಿಯಿಲ್ಲದ ಮನೆಯನ್ನು ನೆನೆದು ಚಕ್ರಪಾಣಿಯವರು ಫೋನು ಇಸಿದುಕೊಂಡರು. ಭಾನುವಾರ ಊಟಕ್ಕೆ ಬಾ, ನನ್ನ ಅಡುಗೆ ಉಂಡು ಆಮೇಲೆ ಹೇಳು ಎಂದು ಪಂಥ ಕಟ್ಟಿದರು. ಅಂದಿನಿಂದ ಮನೆಯಲ್ಲಿ ಸಾರಿನ ಪಾರಾಯಣ. ಹೆಂಡತಿ ಹೇಳಿಕೊಟ್ಟದ್ದನ್ನು ಬೆಳಗಿನ ವಾಕಿಂಗಿನಲ್ಲೂ ಒಪ್ಪಿಸುತ್ತಾ, ಇಂಗು ಬರುವಲ್ಲಿ ಹೆಜ್ಜೆ ನಿಧಾನಿಸುತ್ತಾ ನಡೆದರು.

ಭಾನುವಾರ ಕಂದು ಸ್ವೆಟರಿನ ತೋಳೇರಿಸಿ, ಗಟ್ಟಿಯಾಗಿ ಹೇಳುತ್ತಾ, ಹೇಳಿದ್ದನ್ನೆಲ್ಲ ಹಾಕುತ್ತಾ ಹೋದರು. ಹುಣಸೆರಸ, ಪುಡಿ, ಉಪ್ಪು ಬಿದ್ದ ಹೊತ್ತಿಗೆ ಬೆಲ್ ಆಯಿತು. ಕಾತ್ಯಾಯಿನಿ ಒಳಗೆ ಮಲಗಿದ್ದರು. ಇವರೇ ಹೋಗಿ ಬಾಗಿಲು ತೆಗೆದು, ಜಯಾಳನ್ನು ಕೂರಿಸಿ ಒಲೆಗೆ ಮರಳಿದರು. ಮರಳಿದವರಿಗೆ ಇದ್ದದ್ದು ಒಂದೇ ದಾರಿ, ಮೊದಲಿಂದ ಹೇಳುವುದು. ಹುಣಸೆರಸ, ಪುಡಿ, ಉಪ್ಪು ಎಲ್ಲವೂ ಅದೇ ಪಾತ್ರೆಗೆ ಇನ್ನೊಮ್ಮೆ ಬಿದ್ದವು.

ಜಯಾ ಮೊದಲ ತುತ್ತಿಗೇ ನೀರಿನ ಲೋಟ ಎತ್ತಿದಳು. ನಡೆದದ್ದನ್ನು ಕೇಳಿ ತಿಳಿದುಕೊಂಡು, ಅಕ್ಕನ ಬಟ್ಟೆ ಜೋಡಿಸಲು ಎದ್ದಳು. ಚಕ್ರಪಾಣಿಯವರು ತಲೆ ತಗ್ಗಿಸಿ ಕೂತರು. ಕಾತ್ಯಾಯಿನಿ ಮಾತ್ರ ಎಡಗೈಯಲ್ಲಿ ಚಮಚ ಹಿಡಿದು ತಟ್ಟೆಯಲ್ಲಿದ್ದಷ್ಟನ್ನೂ ಮುಗಿಸಿದರು.

"ಕೂತ್ಕೋ ಜಯಾ. ಅವ್ರ ತಪ್ಪೇನಿಲ್ಲ, ನೀನು ಬೆಲ್ ಹೊಡೆದೆ. ನಾಳೆಯಿಂದ ಅವ್ರು ಅಡುಗೆ ಮಾಡೋವಾಗ ನಾನು ಬಾಗಿಲ ಹತ್ರ ಕೂತಿರ್ತೀನಿ."

ಕಲಿತದ್ದು ನಾಲಿಗೆಯಿಂದ ಕೈಗೆ ಇಳಿಯದ ಇಂಥವರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಲೋಕ ನಗುತ್ತದೆ, ನಗಲಿ. ಅವರ ಪಾಠ ಮುಗಿಯುವ ತನಕ ಬಾಗಿಲು ಕಾಯುವವರೊಬ್ಬರು ಸಿಕ್ಕಿಬಿಟ್ಟರೆ, ಸಾರು ಎಷ್ಟು ಉಪ್ಪಾದರೂ ಅವರ ಸಂಸಾರ ಕೆಡುವುದಿಲ್ಲ.